ಬಿಚ್ಚದ ಭರಣಿ

ಮಗಳು ಬಾಡಿಗೆಗೆ ಗೊತ್ತು ಮಾಡಿದ ಕ್ಯಾಂಪರ್ ಗಾಡಿಯನ್ನು ನೋಡಲು ಹೋದ ತಿಂಗಳು ಕುಂದಾಪುರಕ್ಕೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ನಾನು ಮೊದಲು ಮಾಡಿದ ಕೆಲಸ ಒಳಗೆ ತಲೆ ತೂರಿಸಿ ಮೂಸಿದ್ದು. ಹೊಸ ರೆಕ್ಸಿನ್ನು, ಅಂಟು, ಅದರ ಮೇಲೆ ಯಾವುದೋ ನಿಂಬೆಹಣ್ಣಿನ ಸೆಂಟು. ಮಲಗಲು ಹಾಸಿಗೆ, ಪುಟ್ಟ ಫ್ರಿಜ್ಜು, ಮಡಚಿಡುವ ಮೇಜು, ಕಿಟಕಿಗಳಿಗೆ ಹೂವಿನ ಪರದೆ, ಎಲ್ಲವೂ ಇದ್ದವು. ನಾನು ಹುಡುಕುತ್ತಿದ್ದ ವಾಸನೆಯೊಂದೇ ಇರಲಿಲ್ಲ. ಮಗಳು ಶ್ರಾವ್ಯ ಹಿಂದೆ ನಿಂತು ನಗುತ್ತಿದ್ದಳು. "ಎಂತ ಅಮ್ಮ, ಮೀನ್ ತಕಂಬುಕೆ ಬಂದವ್ರಂಗೆ ಮೂಸ್ತಾ ಇದ್ಯಲ" ಅಂದಳು. ಈ ರಜೆಯಲ್ಲಿ ಅವಳು, ಅಳಿಯ, ನಾನು ಮೂವರೂ ಕಡಲ ಬದಿಯ ಹೆದ್ದಾರಿ ಹಿಡಿದು ಕನ್ಯಾಕುಮಾರಿಯವರೆಗೆ ಹೋಗುವುದೆಂದು ಅವಳೇ ತೀರ್ಮಾನಿಸಿದ್ದಾಳೆ. ಫೋನಿನಲ್ಲಿ ನಕಾಶೆ ತೆರೆದು ಎಲ್ಲಿ ನಿಲ್ಲಿಸುವುದು, ಎಲ್ಲಿ ಮಲಗುವುದು ಎಂದು ಬೆರಳು ಜಾರಿಸುತ್ತಾ ವಿವರಿಸಿದಳು. ನಾನು ಹೂಂಗುಟ್ಟಿದೆ. ಆ ದಾರಿಯ ಊರುಗಳೆಲ್ಲ ನನಗೆ ಬಾಯಿಪಾಠ. ಕಾಸರಗೋಡಿನಿಂದಾಚೆಗೆ ಒಂದನ್ನೂ ನೋಡಿಲ್ಲ, ಅಷ್ಟೆ.

ನಾವುಂದದಲ್ಲಿ ನಮ್ಮದು ಹೆದ್ದಾರಿಗೆ ಮುಖ ಮಾಡಿದ ಹೆಂಚಿನ ಮನೆ. ಹಿಂದೆ ನಾಲ್ಕಾರು ತೆಂಗಿನ ಮರ, ಅದರಾಚೆ ಹೊಯ್ಗೆಯ ದಡ, ಅದರಾಚೆ ಕಡಲು. ಮುಂದಿನ ಅಂಗಳ ಪೂರ್ತಿ ಅಪ್ಪಯ್ಯನ ಮೀನಿನ ಗಾಡಿಯದು. ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿ, ಮೇಲೆ ಐಸಿನ ಪುಡಿ ಸುರಿದು, ಕೇರಳದ ಪೇಟೆಗಳಿಗೆ ಮುಟ್ಟಿಸುವುದು ಅವರ ಕಸುಬು. ಹೊರಟರೆ ಮೂರು ನಾಲ್ಕು ದಿನ ಸುದ್ದಿಯಿಲ್ಲ. ತಿರುಗಿ ಬರುವಾಗ ಮೊದಲು ವಾಸನೆ ಬರುತ್ತಿತ್ತು, ಹಾರ್ನ್ ಆಮೇಲೆ. ಮೀನಿನ ನೀರು, ತುಕ್ಕು, ಡೀಸೆಲ್ಲು, ಬೀಡಿ ಎಲ್ಲ ಸೇರಿದ ಆ ವಾಸನೆಗೆ ಬಸ್ಸಿಗೆ ಕಾಯುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಅದು ಅಪ್ಪಯ್ಯ ಬಂದರು ಅನ್ನುವ ವಾಸನೆ. ಅಣ್ಣ ಮತ್ತು ನಾನು ಪುಸ್ತಕ ಬಿಟ್ಟು ಓಡುತ್ತಿದ್ದೆವು, ಅಮ್ಮ ಹಂಡೆಯ ಒಲೆಗೆ ಎರಡು ಕೊಳ್ಳಿ ಹೆಚ್ಚು ನೂಕುತ್ತಿದ್ದಳು.

ಅಮ್ಮ ಹುಟ್ಟಿದ್ದು ಬೈಂದೂರಿನಲ್ಲಿ, ಮದುವೆಯಾಗಿ ಬಂದದ್ದು ನಾವುಂದಕ್ಕೆ, ಬಟ್ಟೆಬರೆ ತರಲು ಹೋಗುತ್ತಿದ್ದದ್ದು ಕುಂದಾಪುರಕ್ಕೆ. ಅಲ್ಲಿಗೆ ಅವಳ ಲೋಕ ಮುಗಿಯಿತು. ಆ ಮನೆಯ ಜಗಲಿಯಲ್ಲಿ ಕೂತು ದಕ್ಷಿಣಕ್ಕೆ ಹೋಗುವ ಲಾರಿ ಬಸ್ಸುಗಳನ್ನು ಅವಳು ನೋಡಿದಷ್ಟು ಬೇರೆ ಯಾರೂ ನೋಡಿರಲಿಕ್ಕಿಲ್ಲ. ಅವಳು ಚಿನ್ನ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಕೇಳಿದ್ದು ಒಂದೇ. "ನಿಮ್ಮನ್ನ್ ನಾಕ್ ನಾಕ್ ದಿನ ಇಟ್ಕಂಬ ಊರ್ ಎಂತದ್ ಅಂದೇಳಿ ನಂಗೂ ಒಂದ್ಸಲ ಕಾಣ್ಕ್" ಎಂದಳು ಒಂದು ದಿನ, ಬಂಗುಡೆ ಮೀನು ಕತ್ತರಿಸುತ್ತಾ, ತಲೆ ಎತ್ತದೆ. ಅಪ್ಪಯ್ಯ, "ಹೋಪ. ಗಾಡಿಯಲ್ಲೇ ಹೋಪ. ರಸ್ತೆ ಮುಗೂವರಿಗೂ ಹೋಪ" ಅಂದರು. ಹಾಗೆ ಶುರುವಾಯಿತು ನಮ್ಮ ಪ್ರವಾಸದ ತಯಾರಿ. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿರುವ ತಿಂಗಳುಗಳಲ್ಲಿ ಗಾಡಿಗೂ ರಜೆ. ಆಗ ಅಪ್ಪಯ್ಯ ಹುಣಸೆಹುಳಿ, ಸುಣ್ಣ, ಸೋಪಿನ ಪುಡಿ ಹಾಕಿ ಅದರ ಹೊಟ್ಟೆಯನ್ನು ತಿಕ್ಕಿ ತಿಕ್ಕಿ ತೊಳೆದು, ಎರಡು ಹಲಗೆ ಬಡಿದು ಮಂಚ ಮಾಡಿದರು. ಸೀಮೆಎಣ್ಣೆ ಸ್ಟೋವಿಗೆ ಒಂದು ಗೂಡು, ಕೊಡಪಾನ ಉರುಳದಂತೆ ಒಂದು ಕಟ್ಟೆ. ಸಂಜೆ ಮಳೆ ಹೊಯ್ಯುವಾಗ ನಾಲ್ವರೂ ಅದರೊಳಗೆ ಕೂರುತ್ತಿದ್ದೆವು. ಅಪ್ಪಯ್ಯ ದಾರಿ ಹೇಳುತ್ತಿದ್ದರು. ಅವರಿಗೆ ಪ್ರತಿ ಊರೂ ಗೊತ್ತಿದ್ದದ್ದು ಚಹಾದ ಅಂಗಡಿಯಿಂದ, ಇಲ್ಲವೇ ಐಸ್ ಫ್ಯಾಕ್ಟರಿಯಿಂದ. ಪಯ್ಯನೂರಿನಲ್ಲಿ ಪುಟ್ಟು ಕಡಲೆ, ಕಲ್ಲಿಕೋಟೆಯಲ್ಲಿ ಒಳ್ಳೆಯ ಐಸು, ಕೊಚ್ಚಿಯಲ್ಲಿ ಸೊಳ್ಳೆ. ಅಲ್ಲಿಂದಾಚೆ ಎಂದು ಅಣ್ಣ ಕೇಳಿದರೆ, "ಅಲ್ಲಿಂದಾಚಿಗ್ ನಾನೂ ಕಾಣ್ಲಿಲ್ಲ ಮಗ, ನಿಮ್ಮೊಟ್ಟಿಗೇ ಕಾಂಬುದ್" ಅನ್ನುತ್ತಿದ್ದರು.

ಆ ವರ್ಷವೇ ಅವರು ಗಾಡಿಗೆ ಕಿಟಕಿ ಕೊರೆದದ್ದು. ಅಮ್ಮನಿಗೆ ಕಡಲು ಕಾಣಬೇಕು, ದಕ್ಷಿಣಕ್ಕೆ ಹೋಗುವಾಗ ಕಡಲು ಬಲಗಡೆಗೆ ಬರುತ್ತದೆ, ಆದ್ದರಿಂದ ಕಿಟಕಿಯೂ ಬಲಗಡೆಗೆ. ಅಳತೆಯೂ ಅಮ್ಮನದೇ. ಅವಳನ್ನು ಹಲಗೆಯ ಮೇಲೆ ಕೂರಿಸಿ, ಅವಳ ಕಣ್ಣಿನ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಗಡು ಕತ್ತರಿಸಿದರು. ಮೀನಿನ ಗಾಡಿಗೆ ಕಿಟಕಿ ಇಡಬಾರದು ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತಿದ್ದ ವಿಷಯ. ಅಷ್ಟು ವರ್ಷ ಆ ಕೆಲಸ ಮಾಡಿದ ಅಪ್ಪಯ್ಯನಿಗೆ ಆ ಒಂದು ಮಧ್ಯಾಹ್ನ ಮಾತ್ರ ಅದು ಹೇಗೆ ಮರೆತುಹೋಯಿತೋ. ಮಳೆ ಕಳೆದು ಮೊದಲ ಲೋಡಿಗೇ ಐಸೆಲ್ಲ ಕರಗಿ, ಕಣ್ಣನೂರಿನಲ್ಲಿ ಅರ್ಧ ಮೀನು ಬೇಡವೆಂದರು. ಊರಿನವರಿಗೆ ವರ್ಷಕ್ಕಾಗುವಷ್ಟು ತಮಾಷೆ ಸಿಕ್ಕಿತು. "ಹ್ವಾಯ್, ಮೀನಿಗ್ ಸೆಕೆ ಆತ್ತಾ? ಒಂದ್ ಫ್ಯಾನೂ ಹಾಕಿ ಕಾಂಬ" ಎಂದು ರಸ್ತೆಯಲ್ಲಿ ಹೋಗುವವರೆಲ್ಲ ಕೂಗುತ್ತಿದ್ದರು. ಅಮ್ಮನಿಗೆ ನಾಚಿಕೆ, ಕಿಟಕಿ ಮುಚ್ಚಿಸಿಬಿಡಿ ಎಂದು ಗೋಗರೆದಳು. ಅಪ್ಪಯ್ಯ ಕೇಳಲಿಲ್ಲ. ಥರ್ಮೋಕೋಲು ತುಂಬಿದ ಒಂದು ಮುಚ್ಚಳ ಮಾಡಿಸಿದರು. ಮೀನು ಸಾಗಿಸುವಾಗ ಹಾಕುವುದು, ಮಳೆಗಾಲದಲ್ಲಿ ತೆಗೆಯುವುದು.

ಇನ್ನು ಭರಣಿಯ ವಿಷಯ. ಬೇಸಿಗೆ ಬಂತೆಂದರೆ ಅಮ್ಮ ಪ್ರವಾಸಕ್ಕೆಂದು ಚಟ್ನಿ ಮಾಡುತ್ತಿದ್ದಳು. ಒಣ ಸಿಗಡಿಯನ್ನು ಗರಿಗರಿಯಾಗಿ ಹುರಿದು, ಕೊಬ್ಬರಿ, ಒಣಮೆಣಸು, ಹುಣಸೆ, ಬೆಳ್ಳುಳ್ಳಿ ಸೇರಿಸಿ ಒರಳಿನಲ್ಲಿ ಕುಟ್ಟಿದ ಪುಡಿ. ಅದಿದ್ದರೆ ಯಾವ ಊರಿನಲ್ಲಾದರೂ ಗಂಜಿ ಕಾಯಿಸಿಕೊಂಡು ಉಣ್ಣಬಹುದು ಎನ್ನುವುದು ಅವಳ ಲೆಕ್ಕ. ಕಂದು ಬಣ್ಣದ ಭರಣಿಗೆ ತುಂಬಿ, ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದಳು. ನಮಗೆ ಶಾಲೆಗೆ ರಜೆ ಇದ್ದಾಗ ಅಪ್ಪಯ್ಯನಿಗೆ ಮೀನು. ಅಪ್ಪಯ್ಯನಿಗೆ ರಜೆ ಬಂದಾಗ ನಮಗೆ ಶಾಲೆ. ಹೇಗೋ ಒಂದು ವಾರ ರಜೆ ಹಾಕಿಸೋಣವೆಂದರೆ ಇಂಜಿನ್ನಿನ ಕೆಲಸ, ಇಲ್ಲವೇ ಅಣ್ಣನ ಹತ್ತನೆಯ ತರಗತಿ. ಅಷ್ಟರಲ್ಲಿ ಆಸಾಡಿ ತಿಂಗಳು ಕಾಲಿಡುತ್ತಿತ್ತು. ಆಸಾಡಿಯಲ್ಲಿ ನಮ್ಮ ಕಡೆ ಯಾರೂ ಒಳ್ಳೆಯ ಕೆಲಸಕ್ಕೆ ಹೊರಡುವುದಿಲ್ಲ. ಅದು ಇದ್ದುದರಲ್ಲಿ ಗಂಜಿ ಕುಡಿದು ದಿನ ನೂಕುವ ತಿಂಗಳು. ಆಗ ಒಂದು ಮಧ್ಯಾಹ್ನ ಅಮ್ಮ ಅಟ್ಟದಿಂದ ಭರಣಿ ಇಳಿಸಿ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಹುರಿದ ಸಿಗಡಿಯ ಘಾಟು ಮನೆಯೆಲ್ಲ ತುಂಬಿತೆಂದರೆ ಈ ವರ್ಷ ಹೋಗುವುದಿಲ್ಲ ಎಂದು ಅರ್ಥ. ಬಿಸಿ ಗಂಜಿಗೆ ಆ ಚಟ್ನಿ ಎಷ್ಟು ರುಚಿಯಾಗಿತ್ತು ಎಂದರೆ ಅಳುವುದೋ ಇನ್ನೊಂದು ಚಮಚ ಕೇಳುವುದೋ ನನಗೆ ತಿಳಿಯುತ್ತಿರಲಿಲ್ಲ. ಎರಡನ್ನೂ ಮಾಡುತ್ತಿದ್ದೆ. "ಬಪ್ಪ ವರ್ಷ ಹೋಪ, ಈಗ ಉಣ್" ಎಂದು ಅಮ್ಮ ತಟ್ಟೆಗೆ ಬಡಿಸುತ್ತಿದ್ದಳು. ಅವಳು ಮಾತ್ರ ಆ ದಿನ ಉಪ್ಪಿನಕಾಯಿಯಲ್ಲೇ ಉಣ್ಣುತ್ತಿದ್ದಳು.

ನಾನು ಕಾಲೇಜಿಗೆ ಸೇರಿದ ವರ್ಷ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಬ್ರಹ್ಮಾವರ ದಾಟಿ ಆಚೆಗಿನ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರು. ಬಸ್ಸಿನಲ್ಲಿ ಕೂರುವ ತ್ರಾಣ ಅವಳಿಗಿರಲಿಲ್ಲ. ಅಪ್ಪಯ್ಯ ಆ ದಿನದ ಮೀನು ಬಿಟ್ಟು, ಗಾಡಿ ತೊಳೆದು, ಹಲಗೆಯ ಮೇಲೆ ಹಾಸಿಗೆ ಹಾಸಿ, ಕಿಟಕಿಯ ಮುಚ್ಚಳ ತೆಗೆದರು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮರವಂತೆಗೆ ಬಂದಾಗ ಬೆಳಗ್ಗಿನ ಕಡಲು ಕಿಟಕಿಯ ತುಂಬ ಇತ್ತು. ಅಮ್ಮ ನನ್ನ ಕೈ ಹಿಡಿದು ಎದ್ದು ಕೂತಳು. ಕಿಟಕಿ ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕಿತ್ತು. ಕುಂದಾಪುರ ಕಳೆಯಿತು, ಕೋಟೇಶ್ವರ ಕಳೆಯಿತು. ಕುಂದಾಪುರದಿಂದ ಮುಂದಿನದೆಲ್ಲ ಅವಳಿಗೆ ಹೊಸ ಊರು. ಪ್ರತಿ ಬೋರ್ಡನ್ನೂ ಮಕ್ಕಳ ಹಾಗೆ ಅಕ್ಷರ ಕೂಡಿಸಿ ಓದಿದಳು. ಬ್ರಹ್ಮಾವರದಲ್ಲಿ ಅಪ್ಪಯ್ಯ ಗಾಡಿ ನಿಲ್ಲಿಸಿ ಚಹಾ ತಂದುಕೊಟ್ಟರು. ಒಂದು ಗುಟುಕು ಕುಡಿದು, "ಅಂತೂ ಹೊರಡ್ಸದ್ರಿ" ಎಂದು ಅವರನ್ನು ನೋಡಿ ನಕ್ಕಳು. ಅಪ್ಪಯ್ಯ ಲೋಟ ಹಿಂದೆ ಕೊಡುವ ನೆಪದಲ್ಲಿ ಅಂಗಡಿಯ ಕಡೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ.

ಆ ಬೇಸಿಗೆಯಲ್ಲೂ ಚಟ್ನಿಯಾಯಿತು. ಅಮ್ಮ ಮಲಗಿದಲ್ಲಿಂದಲೇ ಹೇಳಿದಳು, ನಾನು ಹುರಿದು ಕುಟ್ಟಿದೆ. ಗಂಟು ಮಾತ್ರ ತಾನೇ ಹಾಕುತ್ತೇನೆಂದು ಹಟ ಮಾಡಿ, ಬಹಳ ಹೊತ್ತು ಹೆಣಗಿ ಕಟ್ಟಿದಳು. ಮಳೆ ಹಿಡಿದ ವಾರ ತೀರಿಕೊಂಡಳು. ಕ್ರಿಯೆಗಳೆಲ್ಲ ಮುಗಿದು, ಬಂದವರು ಹೋಗಿ, ಮನೆಯಲ್ಲಿ ಮೂವರೇ ಉಳಿದಾಗ ಆಸಾಡಿ ಬಂದಿತ್ತು. ಒಂದು ಮಧ್ಯಾಹ್ನ ಗಂಜಿಗೆ ನೆಂಚಿಕೊಳ್ಳಲು ಏನೂ ಇರಲಿಲ್ಲ. ಅಣ್ಣ ಭರಣಿ ಇಳಿಸಿ ತಂದ. ಅವನ ಬೆರಳು ಗಂಟಿನ ಮೇಲಿತ್ತು. ಅಪ್ಪಯ್ಯ ಉಣ್ಣುವುದನ್ನು ನಿಲ್ಲಿಸಿ, "ಬಿಚ್ಬ್ಯಾಡ ಮಗ. ಬಿಚ್ರೆ ಹೋಪುದಿಲ್ಲ ಅಂದಂಗೆ ಆತ್ತ್" ಅಂದರು. ಅಣ್ಣ ಅದನ್ನು ಹಾಗೆಯೇ ಅಟ್ಟಕ್ಕೆ ಏರಿಸಿದ. ಅವತ್ತು ಮೂವರೂ ಬರಿಯ ಉಪ್ಪು ಹಾಕಿಕೊಂಡು ಉಂಡೆವು.

ಆಮೇಲೆ ಅಪ್ಪಯ್ಯ ಮತ್ತಷ್ಟು ವರ್ಷ ಮೀನು ಸಾಗಿಸಿದರು, ಕಿಟಕಿಯ ಮುಚ್ಚಳವನ್ನು ಮತ್ತೆ ತೆಗೆಯಲಿಲ್ಲ. ಗಾಡಿ ಗುಜರಿಗೆ ಹೋಯಿತು. ನಾನು ಮದುವೆಯಾಗಿ ಕೋಟೇಶ್ವರಕ್ಕೆ ಬಂದೆ. ಹೆದ್ದಾರಿ ಅಗಲ ಮಾಡುವಾಗ ನಮ್ಮ ಜಗಲಿ, ಅಂಗಳ, ಒಲೆಯ ಕೋಣೆ ಎಲ್ಲ ರಸ್ತೆಗೆ ಸೇರಿದವು. ನಾವು ಹೋಗಲಾರದ ರಸ್ತೆ ಕೊನೆಗೆ ಮನೆಯೊಳಗೇ ಬಂದಿತು ಎಂದು ಅಣ್ಣ ಹೇಳಿದ. ನನಗೆ ನಗು ಬರಲಿಲ್ಲ. ಮನೆ ಖಾಲಿ ಮಾಡುವ ದಿನ ಅಪ್ಪಯ್ಯ ಬೇರೆ ಯಾವ ಸಾಮಾನನ್ನೂ ಮುಟ್ಟದೆ ಭರಣಿಯನ್ನು ಎದೆಗೆ ಅವಚಿಕೊಂಡು ಅಣ್ಣನ ಮನೆಗೆ ಬಂದರು. ಅವರೂ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಈಗ ಅಮ್ಮ ಕಣ್ಣಿಟ್ಟು ಕೂತಿದ್ದ ಜಾಗದಲ್ಲಿ ಲಾರಿಗಳು ಓಡುತ್ತವೆ. ಬಸ್ಸಿನಲ್ಲಿ ಬೈಂದೂರಿನ ಕಡೆ ಹೋಗುವಾಗ ನಾವುಂದ ಬಂದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ನಿನ್ನೆ ಶ್ರಾವ್ಯ ಫೋನು ಮಾಡಿ ಯಾವ ಕಡೆಯ ಸೀಟು ಬೇಕೆಂದು ಕೇಳಿದಳು. ಬಲಗಡೆಯದು ಎಂದೆ. ಸಂಜೆ ಬಂದವಳು, ನನ್ನ ಚೀಲದ ಪಕ್ಕದಲ್ಲಿ ಅಮ್ಮನ ಸೀರೆ ಸುತ್ತಿ ಇಟ್ಟಿದ್ದ ಭರಣಿಯನ್ನು ಕಂಡು, "ಇದ್ರಲ್ಲಿ ಎಂತ ಇತ್ತ್?" ಅಂದಳು.

"ದಾರಿಗೆ ಚಟ್ನಿ" ಅಂದೆ.

ಎತ್ತಿ ಮೆಲ್ಲಗೆ ಅಲ್ಲಾಡಿಸಿ ನೋಡಿದಳು. ಒಳಗೆ ಏನೂ ಸದ್ದಾಗಲಿಲ್ಲ. ಗಂಟು ಕಲ್ಲಾಗಿದೆ. ಅದನ್ನು ಹಾಕಲು ಅಮ್ಮ ಹೆಣಗಿದ್ದು ಬಟ್ಟೆಯ ಸುಕ್ಕಿನಲ್ಲಿ ಇನ್ನೂ ಕಾಣುತ್ತದೆ. ರಸ್ತೆ ಮುಗಿಯುವಲ್ಲಿ, ಬಲಗಡೆಯ ಕಿಟಕಿ ತೆರೆದು ಅದನ್ನು ಬಿಚ್ಚಬೇಕೆಂದು ಮನಸ್ಸಿದೆ. ತಿನ್ನುವಂಥದ್ದು ಒಳಗೆ ಏನೂ ಉಳಿದಿರಲಿಕ್ಕಿಲ್ಲ. ಹೋದೆವು ಎಂದು ಅಮ್ಮನಿಗೆ ಹೇಳುವುದಕ್ಕೆ ನನಗೆ ಬೇರೆ ದಾರಿ ಗೊತ್ತಿಲ್ಲ.