ಗಂಡಿ ಕಾಯುವವನ ಹೆಂಡತಿ

ಮದುವೆಯಾದ ವರ್ಷ ದೀಪಾವಳಿಗೆ ತವರಿಗೆ ಹೋದಾಗ ನನ್ನ ಮುಂದಿನ ಹಲ್ಲೊಂದು ಇರಲಿಲ್ಲ. ಅವ್ವ ಕೇಳಿದಳು. ಬಚ್ಚಲಲ್ಲಿ ಜಾರಿ ಬಿದ್ದೆ ಅಂದೆ. ಆ ಕಾಲದಲ್ಲಿ ನಮ್ಮ ಸೀಮೆಯ ಹೆಂಗಸರೆಲ್ಲ ಬಚ್ಚಲಲ್ಲೇ ಜಾರುತ್ತಿದ್ದರು. ಗಂಡಸರು ಒಬ್ಬರೂ ಜಾರಿದ್ದನ್ನು ನಾನು ಕೇಳಿಲ್ಲ; ಅವರ ಬಚ್ಚಲು ಬೇರೆ ಇತ್ತೋ ಏನೋ.

ತವರು ಸಿದ್ದಾಪುರದ ಕಡೆ. ಕೊಟ್ಟದ್ದು ಯಲ್ಲಾಪುರ ತಾಲೂಕಿಗೆ, ಇಡಗುಂದಿಯಿಂದ ಒಳಗೆ ಕಾಡಿನ ಅಂಚಿನ ಒಂದು ಹಳ್ಳಿಗೆ. ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗಂಡನಿಗೆ ಸ್ವಲ್ಪ ಗದ್ದೆ, ಗದ್ದೆ ಕೆಲಸ ಮುಗಿದ ಮೇಲೆ ಕಾಡಿನ ಕೂಪಿನಲ್ಲಿ ಮರ ಕಡಿದು ನಾಟಾ ಎಳೆಯುವ ಕೆಲಸ. ಕೂಪಿಗೆ ಹೋದವರೆಲ್ಲ ಕುಡಿಯುತ್ತಿದ್ದರು, ಅವನೂ ಕುಡಿಯುತ್ತಿದ್ದ. ದಾರೂಬಂದಿ ಕಾನೂನು ಇತ್ತು, ದಾರೂ ಕೂಡ ಇತ್ತು. ಎರಡೂ ಒಂದಕ್ಕೊಂದು ತಂಟೆ ಮಾಡದೆ ಬದುಕಿಕೊಂಡಿದ್ದವು. ಗಂಡನನ್ನು ‘ಅವರು’ ಅಂತ ಬರೆಯಬೇಕು ಎನ್ನುತ್ತಾಳೆ ನನ್ನ ಮೊಮ್ಮಗಳು. ಹಲ್ಲು ಹೋದದ್ದು ನನ್ನದು. ನಾನು ‘ಅವನು’ ಅಂತಲೇ ಬರೆಯುತ್ತೇನೆ.

ಕುಡಿದು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ದನ ಕಟ್ಟುವ ಹಗ್ಗ, ಒಲೆಯ ಕೊಳ್ಳಿ, ಒಮ್ಮೆ ನಾನೇ ತೊಳೆದಿಟ್ಟ ಹಿತ್ತಾಳೆ ಚೆಂಬು. ಅತ್ತೆ ನಡುವೆ ಬಂದರೆ ಅವರಿಗೂ ಬೀಳುತ್ತಿತ್ತು. ಆಮೇಲೆ ಅರಿಸಿನ ತೇಯ್ದು ನನ್ನ ಬೆನ್ನಿಗೆ ಹಚ್ಚುತ್ತ ಅತ್ತೆ ಹೇಳುತ್ತಿದ್ದದ್ದು ಒಂದೇ ಮಾತು. "ಅವ ಕೆಟ್ಟವ ಅಲ್ಲ ಮಗಾ. ಅವ ಹೊಡಿಯೋದಲ್ಲ, ಆ ಹಾಳು ದಾರೂ ಹೊಡಿಯೋದು." ನಾನೂ ಅದನ್ನು ನಂಬಿದ್ದೆ. ನಂಬದಿದ್ದರೆ ಮರುದಿನ ಎದ್ದು ಅವನಿಗೆ ಗಂಜಿ ಬಡಿಸುವುದು ಹೇಗೆ?

ಮೊದಲ ಬಸಿರು ಐದು ತಿಂಗಳಿಗೆ ಹೋಯಿತು. ಅಂಗಳದಲ್ಲಿ ಬಿದ್ದವಳ ಸೊಂಟಕ್ಕೆ ಒದ್ದ. ಸಂಜೆಯೊಳಗೆ ಎಲ್ಲ ಮುಗಿಯಿತು. ಗಂಡುಮಗು, ಅಂಗೈಯಗಲ ಇತ್ತು. ಅವನೇ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಹೋಗಿ ಗದ್ದೆಯ ಮೇಲಿನ ಬೆಟ್ಟದಲ್ಲಿ ಹುಗಿದು ಬಂದ, ಕೈಕಾಲು ತೊಳೆದ, ಊಟಕ್ಕೆ ಕೂತ. ಅನ್ನಕ್ಕೆ ಸಾರು ಸಾಲದು ಅಂದ.

ಮುಂದಿನ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಮತ್ತೆ ಮುಟ್ಟು ನಿಂತಿತು. ಸಂತೋಷ ಆಯಿತು ಅಂದರೆ ಸುಳ್ಳಾಗುತ್ತದೆ. ಈ ಒಂದು ಜೀವವನ್ನು ಇಡಿಯಾಗಿ ಹೊರಗೆ ತರಬೇಕು. ಬೇರೆ ಯಾವ ಆಸೆಯೂ ನನಗೆ ಉಳಿದಿರಲಿಲ್ಲ.

ಗಂಡನಿಗೆ ಕುಡಿತಕ್ಕಿಂತ ಹೆಚ್ಚಿನ ಹುಚ್ಚು ಒಂದಿತ್ತು, ಶಿಕಾರಿ. ಕೊಯ್ಲು ಮುಗಿದ ಮೇಲೆ ಊರಿನ ಗಂಡಸರು ಹಂದಿ ಬೇಟೆಗೆ ಹೋಗುತ್ತಿದ್ದರು. ಅರ್ಧ ಜನ ಡಬ್ಬಿ ಬಡಿಯುತ್ತ, ಕೂಗುತ್ತ ಪೊದೆಯಿಂದ ಹಂದಿ ಎಬ್ಬಿಸಬೇಕು. ಹಂದಿ ದಾಟುವ ಇಕ್ಕಟ್ಟಿನ ದಾರಿಗೆ ಗಂಡಿ ಎನ್ನುತ್ತಾರೆ. ಕೋವಿ ಹಿಡಿದವನು ಅಲ್ಲಿ ಕಾಯಬೇಕು. ಯಾರಿಗೆ ಯಾವ ಗಂಡಿ ಎಂದು ಹೇಳುವವರು ಅತ್ತೆಯ ತಮ್ಮ, ನನ್ನ ಗಂಡನ ಸೋದರಮಾವ. ಹಿಂದೆ ಒಬ್ಬ ಕುಡಿದು ಗಂಡಿಯಲ್ಲಿ ಕೂತು, ಪೊದೆ ಅಲ್ಲಾಡಿದ್ದಕ್ಕೆ ಈಡು ಹೊಡೆದು ಡಬ್ಬಿ ಬಡಿಯುವವನ ದವಡೆ ಹಾರಿಸಿದ್ದನಂತೆ. ಅಂದಿನಿಂದ ಮಾವ ಬೇಟೆಯ ಬೆಳಿಗ್ಗೆ ಚೌಡಿ ಕಟ್ಟೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರ ಬಾಯಿ ಮೂಸುತ್ತಿದ್ದರು. ನನ್ನ ಗಂಡ ಪ್ರತಿ ಸಲವೂ ಕಟ್ಟೆಯಿಂದಲೇ ವಾಪಸು. ವಾಪಸು ಬಂದ ದಿನ ನನ್ನ ಗತಿ ಕೇಳಬೇಡಿ.

ನಾನು ಮಾವನ ಮನೆಗೆ ಹೋಗಿ ಅತ್ತುಬಿಟ್ಟೆ. "ಬರೀ ಓಡಿಸ್ಬೇಡಿ ಮಾವ, ಒಂದು ಆಸೆನಾದ್ರೂ ತೋರ್ಸಿ." ಮಾವ ಮಾತು ಕಡಿಮೆಯ ಮನುಷ್ಯ. ಮರುದಿನ ಬಂದು ನಮ್ಮ ಜಗಲಿಯಲ್ಲಿ ಕೂತು ಅಳಿಯನಿಗೆ ಹೇಳಿದರು, "ಶಿವರಾತ್ರಿವರೆಗೆ ಬಾಯಿ ಶುದ್ಧ ಇಟ್ಕೊ. ದೊಡ್ಡ ಗಂಡಿ ನಿಂಗೇ ಕೊಡ್ತೆ, ಕೋವಿನೂ ಕೊಡ್ತೆ."

ದೊಡ್ಡ ಗಂಡಿ! ಅವನ ಮುಖ ನೋಡಬೇಕಿತ್ತು. ನಾನು ಬಸುರಿ ಅಂದಾಗ ಆ ಮುಖದಲ್ಲಿ ಅದರ ಕಾಲುಭಾಗ ಬೆಳಕೂ ಬಂದಿರಲಿಲ್ಲ.

ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ಅವನು ನಡುಗಿದ, ಕಾರಿದ, ಗೋಡೆಯ ಮೇಲೆ ಇರುವೆ ಹರಿಯುತ್ತದೆ ಎಂದು ಗೋಡೆಗೆ ಗುದ್ದಿ ಬೆರಳ ಗೆಣ್ಣು ಸುಲಿದುಕೊಂಡ. ಆಮೇಲೆ ನಿಧಾನಕ್ಕೆ ಸರಿಯಾದ. ಬೆಳಕು ಹರಿಯುವ ಮೊದಲೇ ಎದ್ದು ಗುಡ್ಡಕ್ಕೆ ಓಡುತ್ತಿದ್ದ, ಉಸಿರು ಕಟ್ಟಿ ಹತ್ತುವುದನ್ನು ಕಲಿಯಬೇಕಂತೆ. ಹಂದಿಗೆ ಮೂಗು ಸೂಕ್ಷ್ಮ ಎಂದು ಬೀಡಿ ಬಿಟ್ಟ. ಬೀಡಿ ಬಿಟ್ಟದ್ದಕ್ಕೆ ಕೆಮ್ಮು ನಿಂತಿತು. ತುಂಬಿದ ನೀರಿನ ಲೋಟ ಹಿಡಿದು ಕೈ ಮುಂದೆ ಚಾಚಿ ಜಗಲಿಯಲ್ಲಿ ನಿಲ್ಲುತ್ತಿದ್ದ. ಮೊದಮೊದಲು ಅರ್ಧ ಲೋಟ ಚೆಲ್ಲುತ್ತಿತ್ತು, ಬರಬರುತ್ತ ಹನಿಯೂ ಚೆಲ್ಲಲಿಲ್ಲ. ಹೊಟ್ಟೆ ತುಂಬ ಉಣ್ಣುತ್ತಿದ್ದ. ಕೆನ್ನೆ ತುಂಬಿತು. ಊರವರು ದಾರಿಯಲ್ಲಿ ನಿಲ್ಲಿಸಿ ಹೊಗಳುತ್ತಿದ್ದರು, ಅತ್ತೆ ಚೌಡಿಗೆ ಕಾಯಿ ಒಡೆಸಿದರು. ಅವನ ಕೈ ನನ್ನ ಮೈಮೇಲೆ ಬೀಳದೆ ಶಿವರಾತ್ರಿ ಬಂತು. ಅತ್ತೆ ಹೇಳಿದ್ದೇ ನಿಜ ಅಂದುಕೊಂಡೆ, ಮಗುವಿಗೆ ಕುಲಾವಿ ಹೊಲಿಯಲು ಕೂತೆ.

ಶಿವರಾತ್ರಿ ಕಳೆದ ಮೇಲಿನ ಬೇಟೆಯಲ್ಲಿ ದೊಡ್ಡ ಗಂಡಿಗೆ ಹಂದಿ ಬಂತು. ಕೋರೆ ಬೆಳೆದ ಒಂಟಿಗ. ನಮ್ಮ ಮನೆಯ ನಾಯಿ ಅದರ ಕಿವಿ ಕಚ್ಚಿ ಹಿಡಿದಿತ್ತು. ಅದು ಒಮ್ಮೆ ತಲೆ ಕೊಡವಿದ್ದಕ್ಕೆ ನಾಯಿಯ ಹೊಟ್ಟೆ ಉದ್ದಕ್ಕೆ ಸೀಳಿ ಕರುಳು ಹೊರಗೆ ಬಂತು. ನನ್ನ ಗಂಡ ಕದಲಲಿಲ್ಲವಂತೆ. ಹಂದಿ ಮೈಮೇಲೆ ಬರುವವರೆಗೆ ಬಿಟ್ಟು ಕಣ್ಣಿನ ಹಿಂದಕ್ಕೆ ಒಂದೇ ಈಡು ಹೊಡೆದ. ಅದು ಅವನ ಕಾಲ ಬುಡದಲ್ಲೇ ಬಿದ್ದು ರಕ್ತ ಕಾರಿತು.

ಹಂದಿಯನ್ನು ಕಟ್ಟೆಯ ಹತ್ತಿರ ಹಾಕಿ, ಹೊತ್ತಾಯಿತೆಂದು ಕೊಯ್ಯುವುದನ್ನು ಮರುದಿನಕ್ಕೆ ಇಟ್ಟುಕೊಂಡರು. ಅವನು ನಾಯಿಯನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಬಂದ. ಅಂಗಳದಲ್ಲಿ ಮಲಗಿಸಿ, ಬಿಸಿನೀರಲ್ಲಿ ಕರುಳು ತೊಳೆದು ಒಳಗೆ ಹಾಕಿ, ಗೋಣಿ ಹೊಲಿಯುವ ದಬ್ಬಣ ತಂದು ಹೊಲಿದ. "ತಡ್ಕ ಮಗಾ, ಆಯ್ತು, ಇಷ್ಟೇ" ಎನ್ನುತ್ತಿದ್ದ. ಅಂಥ ದನಿ ಅವನಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ನೀರು ಹೊಯ್ಯುತ್ತ ನಿಂತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ಹೌದು, ನಾಯಿಯ ಮೇಲೆ.

ಕೈ ತೊಳೆದು ಊಟಕ್ಕೆ ಬಂದ. ನಾಯಿಯ ಗಡಿಬಿಡಿಯಲ್ಲಿ ಒಲೆ ಆರಿ ಗಂಜಿ ತಣ್ಣಗಾಗಿತ್ತು. ತಟ್ಟೆ ಒದ್ದು ಎದ್ದ. ನನ್ನ ಎರಡೂ ಕೈ ಹೊಟ್ಟೆಯ ಮೇಲಿದ್ದವು, ಹಾಗಾಗಿ ಮುಖವನ್ನು ಅವನಿಗೇ ಬಿಟ್ಟುಕೊಟ್ಟಂತಾಯಿತು. ಕುಡಿದಿದ್ದಾಗ ಅರ್ಧ ಏಟು ಗಾಳಿಗೆ ಹೋಗುತ್ತಿತ್ತು, ಗೋಡೆಗೆ ಹೋಗುತ್ತಿತ್ತು. ಈಗ ಒಂದೂ ತಪ್ಪಲಿಲ್ಲ. ಕಣ್ಣಿಗೆ, ದವಡೆಗೆ, ಮತ್ತೆ ಕಣ್ಣಿಗೆ. ಒರಳುಕಲ್ಲಿನ ಪಕ್ಕ ಬಿದ್ದವಳು ಹೊಟ್ಟೆ ಗೋಡೆಗೆ ಮಾಡಿ ಮುದುಡಿಕೊಂಡೆ. ಬೆನ್ನಿಗೆ ಒದ್ದು ಹೊರಗೆ ಹೋದ. ಅವನ ಉಸಿರು ಕೂಡ ಹೆಚ್ಚಾಗಿರಲಿಲ್ಲ.

ಅತ್ತೆ ಅರಿಸಿನ ತಂದರು, ಹಚ್ಚಲಿಲ್ಲ, ಹಿಡಿದುಕೊಂಡೇ ಕೂತರು. "ಕುಡ್ದಿರ್ಲಿಲ್ಲವಲ್ಲೇ" ಅಂದರು. ಅವರ ಅಷ್ಟು ವರ್ಷದ ಸಮಾಧಾನ ಆ ಹೊತ್ತಿಗೆ ಮುಗಿಯಿತು. ನನ್ನದೂ.

ಮರುದಿನ ಬೆಳಿಗ್ಗೆ ಕಟ್ಟೆಯಲ್ಲಿ ಪಾಲು. ನಮ್ಮಲ್ಲಿ ಒಂದು ಪದ್ಧತಿ. ಬಸುರಿ ಇರುವ ಮನೆಗೆ ಒಂದು ಪಾಲು ಹೆಚ್ಚು, ಹೊಟ್ಟೆಯಲ್ಲಿರುವ ಜೀವಕ್ಕೆ. ಅದನ್ನು ಬಸುರಿಯೇ ಹೋಗಿ ತರಬೇಕು. ಬೇಟೆಯ ಪಾಲನ್ನು ಯಾರಾದರೂ ಬೇಡ ಅಂದರೆ ಆ ವರ್ಷ ಯಾರ ಈಡೂ ತಾಗುವುದಿಲ್ಲ ಎಂದು ಎಲ್ಲರೂ ನಂಬುತ್ತಿದ್ದರು. ಬೇಡ ಅಂದವರು ಮಾತ್ರ ಯಾರೂ ಇರಲಿಲ್ಲ.

ನಾನು ಸೆರಗು ಮುಖಕ್ಕೆ ಎಳೆದುಕೊಳ್ಳದೆ ಹೋದೆ. ಒಂದು ಕಣ್ಣು ಮುಚ್ಚಿಹೋಗಿತ್ತು. ಮಾವ ತೇಗದ ಎಲೆಯಲ್ಲಿ ಕಟ್ಟಿದ ಪಾಲನ್ನು ಕೈಗೆ ಕೊಟ್ಟರು, ಮುಖ ನೋಡಿದರು.

"ಎಂತ ಆಯ್ತೆ?"

"ನಿಮ್ಮ ದೊಡ್ಡ ಗಂಡಿಯವ ಹೊಡ್ದದ್ದು. ಬಾಯಿ ಮೂಸಿ ನೋಡಿ ಮಾವ, ಎಂತ ವಾಸನೆನೂ ಇಲ್ಲ."

ಗಂಡಸರೆಲ್ಲ ನೆಲದಲ್ಲಿ ಏನೋ ಕಳೆದುಕೊಂಡವರ ಹಾಗೆ ಕೆಳಗೆ ನೋಡಿದರು. ಅವನು ನನ್ನ ಕಡೆ ಎರಡು ಹೆಜ್ಜೆ ಇಟ್ಟ. ಮಾವ ನಡುವೆ ಬಂದರು, ಆದರೆ ಹೇಳಿದ್ದು ಇಷ್ಟು: "ಮನೆ ವಿಚಾರ ಕಟ್ಟೆಗೆ ತರ್ಬೇಡ ತಂಗಿ."

ನನಗೆ ಮೈಯೆಲ್ಲ ಉರಿಯಿತು. ಎಲೆಯ ಪೊಟ್ಟಣವನ್ನು ಚೌಡಿಯ ಕಲ್ಲಿನ ಮುಂದೆ ಇಟ್ಟೆ. "ಹಂಗಾದ್ರೆ ಈ ಪಾಲು ಬೇಡ. ಹೋದ ಸಲವೂ ತಿಂದೆ, ಆ ಪಾಲು ಬೆಟ್ಟದ ಮಣ್ಣಿಗೆ ಹೋಯ್ತು. ಈ ಸಲದ್ದೂ ಮಣ್ಣಿಗೇ ಹೋಗೂದಾದ್ರೆ ನೀವೇ ಹುಗೀರಿ."

ಹಿಂದಿನಿಂದ ಅತ್ತೆ ಬಂದು ಮನೆಯ ಪಾಲನ್ನೂ ತಂದು ಅದರ ಪಕ್ಕದಲ್ಲಿಟ್ಟರು. ತಮ್ಮನ ಮುಖ ನೋಡಲಿಲ್ಲ, ಮಗನ ಮುಖವನ್ನೂ ನೋಡಲಿಲ್ಲ. ಮಾವನಿಗೆ ನಮ್ಮ ಕಣ್ಣೀರು ಎಷ್ಟು ತಾಗಿತೋ ಗೊತ್ತಿಲ್ಲ. ಈಡು ತಾಗದೆ ಹೋಗುವ ಹೆದರಿಕೆ ಮಾತ್ರ ಚೆನ್ನಾಗಿ ತಾಗಿತು. ಎರಡೂ ಪೊಟ್ಟಣ ಎತ್ತಿ ನಮ್ಮ ಕಡೆ ಚಾಚಿ ಹೇಳಿದರು, "ಪಾಲು ತಗೊಳ್ಳಿ. ಇನ್ನು ಬೇಟೆ ದಿನ ನಾ ನಿಮ್ಮನೆಗೆ ಬತ್ತೆ. ಮೊದ್ಲು ಇವಳನ್ನ ನೋಡ್ತೆ, ಆಮೇಲೆ ಅವನ ಬಾಯಿ."

ಅವನು ನಂಬಲಿಲ್ಲ. ಮುಂದಿನ ಬೇಟೆಗೆ ಮೊದಲು ಯಾವುದೋ ಮಾತಿಗೆ ನನ್ನ ತೋಳು ತಿರುಚಿದ, ನೀಲಿಗಟ್ಟಿತು. ಬೇಟೆಯ ಬೆಳಿಗ್ಗೆ ಮಾವ ಜನ ಕಟ್ಟಿಕೊಂಡು ಅಂಗಳಕ್ಕೆ ಬಂದರು. ನಾನು ಜಗಲಿಗೆ ಬಂದು ತೋಳು ಚಾಚಿದೆ. ಅವರು ನೋಡಿದರು. ಅಳಿಯನಿಗೆ "ನೀ ಮನೇಲಿರು" ಎಂದು ಹೇಳಿ, ದೊಡ್ಡ ಗಂಡಿಯನ್ನು ಬೇರೆಯವನಿಗೆ ಕೊಟ್ಟು ನಡೆದರು.

ಆ ದಿನ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಬಾಗಿಲಿಗೆ ಒನಕೆ ಕೊಟ್ಟು ಕೂತೆವು. ನನ್ನ ಕೈಯಲ್ಲಿ ಕತ್ತಿ ಇತ್ತು, ಸೊಪ್ಪು ಕಡಿಯುವ ಕತ್ತಿ. ಬಾಗಿಲು ಮುರಿದರೆ ಕಡಿಯುವುದೇ ಎಂದು ಮನಸ್ಸು ಮಾಡಿದ್ದೆ. ಅವನು ಅಂಗಳದಲ್ಲಿ ಅತ್ತಿತ್ತ ತಿರುಗಿದ. ಬಾಗಿಲಿಗೆ ಒಮ್ಮೆ ಒದ್ದ, ಒನಕೆ ಜಾರಿ ಮತ್ತೆ ಕೂತಿತು. ಅಷ್ಟರಲ್ಲಿ ಗುಡ್ಡದಿಂದ ಡಬ್ಬಿ ಬಡಿಯುವ ಸದ್ದು ಬಂತು, ಕೂಗು ಬಂತು, ಆಮೇಲೆ ಒಂದು ಈಡಿನ ಸದ್ದು. ಹೊರಗೆ ಏನೂ ಕೇಳಿಸದಾಯಿತು. ಕಿಂಡಿಯಿಂದ ನೋಡಿದೆ. ಜಗಲಿಯ ಮೆಟ್ಟಿಲ ಮೇಲೆ ಕೂತು ಮಂಡಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮಗುವನ್ನು ಹುಗಿದು ಬಂದ ದಿನ ಅವನ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಅಂದಿನಿಂದ ಅವನು ನನ್ನ ಮೇಲೆ ಕೈ ಎತ್ತಲಿಲ್ಲ. ಎತ್ತಲು ಬಂದದ್ದುಂಟು. ಅರ್ಧಕ್ಕೆ ನಿಂತು, ಹಲ್ಲು ಕಚ್ಚಿ, ಗುಡ್ಡಕ್ಕೆ ಹೋಗಿಬಿಡುತ್ತಿದ್ದ. ಕುಡಿತ ಬಿಟ್ಟ, ಬೀಡಿ ಬಿಟ್ಟ, ಹೆಂಡತಿಗೆ ಹೊಡೆಯುವುದನ್ನೂ ಬಿಟ್ಟ. ಕೂಪಿನ ಕುಡುಕ ಹುಡುಗರಿಗೆ ಅವನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನನ್ನಿಂದಾಗಿ ಬಿಟ್ಟನೇ? ಸತ್ತ ಮಗುವಿಗಾಗಿ, ಬರುವ ಮಗುವಿಗಾಗಿ ಬಿಟ್ಟನೇ? ಇಲ್ಲ, ಒಂದು ಹಂದಿಗಾಗಿ ಬಿಟ್ಟ. ಈ ಸಿಟ್ಟು ನನ್ನಲ್ಲಿ ಇವತ್ತಿಗೂ ಹಾಗೇ ಇದೆ, ಅವನು ತೀರಿಕೊಂಡ ಮೇಲೂ ಆರಲಿಲ್ಲ.

ಆ ಮಳೆಗಾಲದಲ್ಲಿ ಮಗಳು ಹುಟ್ಟಿದಳು. ಮಾವ ಪ್ರತಿ ಬೇಟೆಗೂ ಬಂದರು, ವರ್ಷಗಟ್ಟಲೆ ಬಂದರು. ನಾನು ಜಗಲಿಗೆ ಹೋಗಿ ನಿಲ್ಲುತ್ತಿದ್ದೆ. ಮಗಳು ಮಾತು ಕಲಿತ ಮೇಲೆ ಒಂದು ಬೆಳಿಗ್ಗೆ ನನಗಿಂತ ಮೊದಲೇ ಓಡಿಹೋಗಿ ಮಾವನ ಮುಂದೆ ನಿಂತಳು. ಅದೂ ಬೇಟೆಯ ಪೂಜೆಯಲ್ಲಿ ಸೇರಿದ್ದು ಎಂದು ಅವಳು ತಿಳಿದಿದ್ದಳು. ಎರಡೂ ತೋಳು ಚಾಚಿ, "ಅಜ್ಜ, ನಂದೂ ನೋಡು" ಅಂದಳು. ಮಾವ ಬಗ್ಗಿ ಹಿಂದೆ ಮುಂದೆ ತಿರುಗಿಸಿ ನೋಡಿದರು, "ಎಂತೂ ಇಲ್ಲ ಮಗಾ" ಅಂದರು. ಅವಳು ತಿರುಗಿ ಕೋವಿ ಹಿಡಿದು ನಿಂತಿದ್ದ ಅಪ್ಪನ ಕಡೆಗೂ ತೋಳು ಚಾಚಿದಳು. ಅವನು ತಲೆ ಕೆಳಗೆ ಹಾಕಿದ, ನೋಡಲಿಲ್ಲ.

ನಾನು ನೋಡಿದೆ. ಹೆಗಲಿನಿಂದ ಬೆರಳ ತುದಿಯವರೆಗೆ ಆ ತೋಳುಗಳ ಮೇಲೆ ಒಂದು ಗೀರೂ ಇರಲಿಲ್ಲ.