ಸೀಮೆಎಣ್ಣೆ ಟ್ರ್ಯಾಕ್ಟರೂ ನಮ್ಮ ಮಾವನವರೂ

ನಾನು ಮದುವೆಯಾಗಿ ಜರಗನಹಳ್ಳಿಗೆ ಬಂದಾಗ ನಮ್ಮ ಕೊಟ್ಟಿಗೆಯಲ್ಲಿ ಎರಡು ಮುದಿ ಎತ್ತುಗಳ ಪಕ್ಕ ಒಂದು ಟ್ರ್ಯಾಕ್ಟರ್ ನಿಂತಿತ್ತು. ನಿಂತೇ ಇತ್ತು ಅನ್ನಬೇಕು. ಯಾರೋ ತೋಟದ ದೊರೆ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋಗಿದ್ದನ್ನು ನನ್ನ ಗಂಡ ಮದುವೆಗೆ ಮುಂಚೆಯೇ ಕೊಂಡು ತಂದಿದ್ದರು. ಹೊಸದರಲ್ಲಿ ನನಗೆ ಅದರ ಮೇಲೆ ಸವತಿಯ ಮೇಲಿನಷ್ಟು ಸಿಟ್ಟಿತ್ತು ಅಂದರೆ ನಗಬೇಡಿ. ಕಾರ್ಖಾನೆಯಿಂದ ಸೈಕಲ್ ತುಳಿದುಕೊಂಡು ಬಂದ ಮನುಷ್ಯ ಹೆಂಡತಿಯ ಮುಖ ನೋಡುವುದಕ್ಕೆ ಮೊದಲು ಕೊಟ್ಟಿಗೆಗೆ ಹೋಗಿ ಅದರ ಮೈ ಸವರಿ ಬರುತ್ತಿದ್ದರು.

ಜಯನಗರದಲ್ಲಿ ಇನ್ನೂ ಸೈಟು ಅಳೆಯುತ್ತಿದ್ದ ಕಾಲ ಅದು. ಇವರು ಕಾರ್ಖಾನೆಯಲ್ಲಿ ಫಿಟ್ಟರ್. ಆದರೆ ಮನಸ್ಸೆಲ್ಲ ಹೊಲದಲ್ಲೇ. ಕೆಲಸ ಬಿಟ್ಟು ಒಕ್ಕಲುತನ ಮಾಡಿಕೊಂಡು ಊರಲ್ಲೇ ಇರಬೇಕು ಅನ್ನುವುದೊಂದೇ ಆಸೆ. ಆ ಆಸೆಗೆ ಆಧಾರ ಈ ಟ್ರ್ಯಾಕ್ಟರ್. ಅದೋ, ಒಂದು ಎಕರೆ ಉಳುವಷ್ಟರಲ್ಲಿ ಡಬ್ಬಗಟ್ಟಲೆ ಪೆಟ್ರೋಲ್ ಕುಡಿದು ಕೂರುತ್ತಿತ್ತು. ಅದರ ತಪ್ಪಲ್ಲ ಬಿಡಿ. ಅದು ಹುಟ್ಟಾ ಸೀಮೆಎಣ್ಣೆಯಲ್ಲಿ ಓಡುವ ಗಾಡಿ. ಮಧ್ಯೆ ಯಾವನೋ ಮೆಕ್ಯಾನಿಕ್ ಸೀಮೆಎಣ್ಣೆಯ ಪೈಪು ಕತ್ತರಿಸಿ, ಲಾರಿಯ ಕಾರ್ಬೊರೇಟರ್ ಕೂರಿಸಿ, ಬರೀ ಪೆಟ್ರೋಲಿನ ಗಾಡಿ ಮಾಡಿಬಿಟ್ಟಿದ್ದ. ಅದನ್ನೆಲ್ಲ ಕಿತ್ತು, ಮೊದಲು ಹೇಗಿತ್ತೋ ಹಾಗೆ ಮಾಡಬೇಕೆಂದು ಇವರು ಹಟ ಹಿಡಿದರು.

ಜೊತೆಯಲ್ಲಿ ಬಂದಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಎಸ್ಸೆಲ್ಸಿ ಓದಿದವಳು, ಆ ಮನೆಯಲ್ಲಿ ಅಷ್ಟು ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೇ. ಹಾಗಾಗಿ ನಾನು ಓದಿ ಹೇಳುವುದು, ಇವರು ಸ್ಪ್ಯಾನರ್ ತಿರುಗಿಸುವುದು. ಎರಡು ಟ್ಯಾಂಕು, ಚಿಕ್ಕದು ಪೆಟ್ರೋಲಿಗೆ, ದೊಡ್ಡದು ಸೀಮೆಎಣ್ಣೆಗೆ. ಪೆಟ್ರೋಲಿನಲ್ಲಿ ಶುರುಮಾಡಿ, ಇಂಜಿನ್ ಕಾದ ಮೇಲೆ ನಲ್ಲಿಯನ್ನು ಸೀಮೆಎಣ್ಣೆಗೆ ತಿರುಗಿಸಬೇಕು. ಇವರಿಗೆ ಇದು ತಲೆಗೆ ಹತ್ತಲು ಎರಡು ದಿನ ಬೇಕಾಯಿತು. ನನಗೆ ಓದುತ್ತಿದ್ದ ಹಾಗೇ ಗೊತ್ತಾಯಿತು, ನಮ್ಮ ಪಂಪ್ ಸ್ಟವ್ ಇದ್ದಂತೆಯೇ. ಬರ್ನರ್ ಕಾಯದೆ ಎಣ್ಣೆ ಬಿಟ್ಟರೆ ಉರಿಯುತ್ತದೆಯೇ? ಇನ್ನೊಂದು ಮಾತೂ ಅದರಲ್ಲಿತ್ತು. ನಿಲ್ಲಿಸುವ ಮುಂಚೆ ನಲ್ಲಿಯನ್ನು ಮತ್ತೆ ಪೆಟ್ರೋಲಿಗೆ ತಿರುಗಿಸಿ ಎರಡು ಮೂರು ನಿಮಿಷ ಓಡಿಸಬೇಕು. ಇಲ್ಲದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಇಂಜಿನ್ ಆರಿದ ಮೇಲೆ ಯಾರಪ್ಪ ಬಂದು ತಿರುಗಿಸಿದರೂ ಮತ್ತೆ ಹೊತ್ತುವುದಿಲ್ಲ.

ಮೊದಲಿದ್ದಂಥದೇ ಕಾರ್ಬೊರೇಟರ್ ಮಾರ್ಕೆಟ್ಟಿನ ಹತ್ತಿರದ ಗುಜರಿಯಲ್ಲಿ ಸಿಕ್ಕಿತು. ಚಿಕ್ಕ ಟ್ಯಾಂಕಿನೊಳಗೆಲ್ಲ ತುಕ್ಕು. ಅದಕ್ಕೆ ಸಣ್ಣ ಜಲ್ಲಿ ಹಾಕಿ ಇಬ್ಬರೂ ಆ ಕಡೆ ಈ ಕಡೆ ಹಿಡಿದು ಕುಲುಕಿ ಕುಲುಕಿ ನನ್ನ ತೋಳು ಬಿದ್ದುಹೋದವು. ತಾಮ್ರದ ಪೈಪನ್ನು ಬಗ್ಗಿಸಿದರೆ ಮಡಚಿಕೊಳ್ಳುತ್ತದೆ, ಒಳಗೆ ನುಣ್ಣನೆ ಮರಳು ತುಂಬಿ ಬಗ್ಗಿಸಬೇಕಂತೆ. ಮರಳು ಜರಡಿ ಹಿಡಿಯಲು ನಾನು ರಾಗಿ ಹಿಟ್ಟಿನ ಜರಡಿ ತೆಗೆದುಕೊಂಡೆ. ಮೂರು ದಿನ ಮುದ್ದೆಯಲ್ಲಿ ಮರಳು ಸಿಕ್ಕಿತು. ಅತ್ತೆ ನನ್ನನ್ನು ಬಿಟ್ಟು ಟ್ರ್ಯಾಕ್ಟರಿಗೆ ಬೈದರು.

ಕೊನೆಗೊಂದು ಭಾನುವಾರ ಅಂಗಳದಲ್ಲಿ ಅದು ಹೊತ್ತಿಕೊಂಡಿತು. ಇಂಜಿನ್ ಕಾದ ಮೇಲೆ ಇವರು ನಲ್ಲಿ ತಿರುಗಿಸಿದರು. ಒಂದು ಗಳಿಗೆ ಕೆಮ್ಮಿತು. ಆಮೇಲೆ ಸದ್ದು ದಪ್ಪಗಾಗಿ, ಊರೆಲ್ಲ ಸೀಮೆಎಣ್ಣೆಯ ವಾಸನೆ. ನನಗೆ ಎಷ್ಟು ಸಂತೋಷವಾಯಿತು ಅಂದರೆ ಕಣ್ಣಲ್ಲಿ ನೀರೇ ಬಂತು. ಹೊಗೆ ಅಂದೆ, ಕೇಳಿದವರಿಗೆ.

ನಮ್ಮ ಮಾವನವರು ಜಗಲಿಯ ಮೇಲಿಂದಲೇ ನೋಡಿದರು. ಹೆಚ್ಚು ಮಾತಿನ ಮನುಷ್ಯ ಅಲ್ಲ. "ಅಂಗಳದಲ್ಲಿ ಕೂಗಿದ್ರೆ ಆಯ್ತಾ? ಈ ಮಳೆ ಹದದಲ್ಲಿ ಮೇಲಿನ ಹೊಲ ಉತ್ತು ತೋರ್ಸು. ಇಲ್ಲಾಂದ್ರೆ ಅದನ್ನ ಗುಜರಿಗೆ ಹಾಕಿ ನಾನು ಹೊಸ ಜೋಡಿ ಎತ್ತು ತರ್ತೀನಿ, ನೀನು ಕಾರ್ಖಾನೆ ನೋಡ್ಕೊ" ಅಂದರು.

ಮಳೆ ಬಂತು. ಇವರು ರಜೆ ಹಾಕಿ ಹೊಲಕ್ಕಿಳಿದರು. ಬೆಳಿಗ್ಗೆ ಎರಡು ಗಂಟೆ ಚೆನ್ನಾಗಿ ಓಡಿತು. ಹತ್ತರ ಹೊತ್ತಿಗೆ ಮಾವನವರು ಕೊಡೆ ಹಿಡಿದು ಬದುವಿನ ಮೇಲೆ ಬಂದು ನಿಂತರು. ಟ್ರ್ಯಾಕ್ಟರ್ ನಿಂತುಹೋಯಿತು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದ್ದೇ ತಿರುಗಿಸಿದ್ದು, ಜಪ್ಪಯ್ಯ ಅಂದರೂ ಏಳಲಿಲ್ಲ. ಎಲ್ಲ ಬಿಚ್ಚಿ, ಎಣ್ಣೆ ಬಸಿದು, ಮತ್ತೆ ಜೋಡಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಸಂಜೆ ಮಾವನವರು ಇನ್ನೊಂದು ಸಲ ಬಂದರು. ಮತ್ತೆ ಅದೇ ಕಥೆ. ಎರಡನೆಯ ದಿನವೂ ಹಾಗೇ ಆಯಿತು. ಮಾವನವರ ದೃಷ್ಟಿಯೇ ತಾಗುತ್ತಿದೆ ಎಂದು ಊರವರು ನಗಾಡಿದರು. ಮಾವನವರಿಗೆ ನಗು ಬರಲಿಲ್ಲ. ಹದ ಆರುತ್ತಾ ಇದೆ, ಇನ್ನೆರಡು ದಿನ ನೋಡಿ ಗುಜರಿಯವನಿಗೆ ಹೇಳಿಕಳಿಸುತ್ತೇನೆ ಎಂದರು. ಆ ರಾತ್ರಿ ಇವರು ಉಣ್ಣಲಿಲ್ಲ.

ಮೂರನೆಯ ದಿನ ಬುತ್ತಿ ತೆಗೆದುಕೊಂಡು ನಾನೇ ಹೋಗಿ ಹೊಂಗೆ ಮರದ ಕೆಳಗೆ ಕೂತೆ. ಟ್ರ್ಯಾಕ್ಟರ್ ಓಡುತ್ತಿತ್ತು. ದೂರದಲ್ಲಿ ಮಾವನವರ ಕೊಡೆ ಕಂಡಿತು. ಕೊಡೆ ಕಂಡದ್ದೇ ತಡ, ಇವರು ಗಕ್ಕನೆ ಇಂಜಿನ್ ಆರಿಸಿ, ಕೆಳಗೆ ಹಾರಿ, ತಲೆಯ ಟವೆಲ್ ತೆಗೆದು ಕಂಕುಳಿಗೆ ಸೇರಿಸಿ ನಿಂತರು. ಮಾವನವರು ಅದು ಇದು ಕೇಳುತ್ತಾ ಕಾಲು ಗಂಟೆ ನಿಂತರು. ಇಂಜಿನ್ ತಣ್ಣಗಾಯಿತು, ಒಳಗೆ ಸೀಮೆಎಣ್ಣೆ ಹಾಗೇ ಉಳಿಯಿತು.

ಮಾವನವರು ಅತ್ತ ಹೋಗುತ್ತಲೇ ನಾನು ಬಂದು ಇವರನ್ನು ಹಿಡಿದುಕೊಂಡೆ. ಪೆಟ್ರೋಲಿಗೆ ತಿರುಗಿಸದೆ ಯಾಕೆ ಇಳಿದಿರಿ ಎಂದು ಕೇಳಿದರೆ, "ನಾನೆಲ್ಲಿ ಇಳಿದೆ?" ಅಂದರು. ಸುಳ್ಳಲ್ಲ, ಇಳಿದದ್ದು ಇವರಿಗೇ ಗೊತ್ತಿರಲಿಲ್ಲ. ಅಪ್ಪ ಬರುವುದು ಕಂಡರೆ ಸೈಕಲ್ಲಿಂದ ಇಳಿಯುವುದು, ಜಗಲಿಯಿಂದ ಏಳುವುದು, ಹುಟ್ಟಿದಂದಿನಿಂದ ಅದೇ ರೂಢಿಯಾಗಿತ್ತು. ಅಪ್ಪ ನೆಲದ ಮೇಲೆ ನಿಂತಿರುವಾಗ ಆಳೆತ್ತರದ ಸೀಟಿನ ಮೇಲೆ ಮಗ ಕೂರುವುದುಂಟೇ? ಸಂಜೆ ಮಾವನವರು ಬಂದಾಗ ಇಳಿಯಬೇಡಿ ಎಂದು ಆಣೆ ಹಾಕಿಸಿಕೊಂಡೆ. ಕೊಡೆ ಕಂಡಿತು, ಇಳಿದರು. "ಕಾಲು ತಾನಾಗೇ ಇಳಿಯುತ್ತೆ ಕಣೆ, ಏನ್ ಮಾಡ್ಲಿ?" ಅಂದಾಗ ನನಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ.

ಆ ಸಂಜೆ ನನಗೆ ಎಲ್ಲಿಂದ ಧೈರ್ಯ ಬಂತೋ. ಮದುವೆಯಾಗಿ ಎರಡು ವರ್ಷದಲ್ಲಿ ಮಾವನವರ ಎದುರು ನಿಂತು ನಾನು ಹತ್ತು ಮಾತು ಆಡಿರಲಿಲ್ಲ, ಆಡಿದ್ದೂ ಬಾಗಿಲ ಹಿಂದಿನಿಂದ. ಸೀದಾ ಜಗಲಿಗೆ ಹೋಗಿ, "ಮಾವ, ನಾಳೆ ನೀವು ಹೊಲದ ಕಡೆ ಬರ್ಬೇಡಿ" ಅಂದುಬಿಟ್ಟೆ.

ಅವರು ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ನನ್ನ ಹೊಲಕ್ಕೆ ನಾನು ಬರಬಾರ್ದಾ?"

ನಾನು ಸ್ಟವ್, ನಲ್ಲಿ, ಪೆಟ್ರೋಲ್, ಮಗನ ಕಾಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಎದ್ದು ಒಳಗೆ ಹೋದರು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮಾರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ಬದುವಿನ ಮೇಲೆ ಕೊಡೆ. ಟ್ರ್ಯಾಕ್ಟರಿನಿಂದ ಇವರ ಒಂದು ಕಾಲು ಆಗಲೇ ಕೆಳಗೆ ಬಂದಿತ್ತು. ಮಾವನವರು ಬಂದರು, ದಿನಾ ನಿಲ್ಲುವ ಜಾಗದಲ್ಲಿ ನಿಂತರು, ಆಮೇಲೆ ನಿಧಾನವಾಗಿ ತಿರುಗಿ ಹೊಲಕ್ಕೆ ಬೆನ್ನು ಹಾಕಿ ಕನಕಪುರ ರಸ್ತೆಯ ಕಡೆ ಮುಖ ಮಾಡಿದರು. ಇವರು ಆ ಬೆನ್ನನ್ನೇ ನೋಡಿದರು. ಇಳಿದ ಕಾಲು ಮೇಲಕ್ಕೆ ಹೋಯಿತು. ಇಂಜಿನ್ ನಿಲ್ಲಲಿಲ್ಲ.

ಮಧ್ಯಾಹ್ನದವರೆಗೂ ಅವರು ಹಾಗೇ ನಿಂತಿದ್ದರು, ಒಂದು ಸಲವೂ ಕತ್ತು ತಿರುಗಿಸಲಿಲ್ಲ. ಮಜ್ಜಿಗೆ ಕೊಡಲು ಹೋದಾಗ ನನ್ನನ್ನು ಮೆಲ್ಲಗೆ ಕೇಳಿದರು, ಸಾಲು ನೆಟ್ಟಗೆ ಬರ್ತಾ ಇದೆಯಾ ಎಂದು. ಅಲ್ಲಲ್ಲಿ ಸೊಟ್ಟಗಿತ್ತು. ನೆಟ್ಟಗಿದೆ ಮಾವ ಅಂದೆ. ಅವರ ಮುಖದ ಮೇಲಿನ ಖುಷಿ ನೋಡಿದವಳು ನಾನೊಬ್ಬಳೇ, ಮಗನಿಗೆ ಕಂಡದ್ದು ಬೆನ್ನು ಮಾತ್ರ.

ಕೊನೆಯ ಸಾಲು ಮುಗಿದ ಮೇಲೆ ಇವರು ಪೆಟ್ರೋಲಿಗೆ ತಿರುಗಿಸಿ, ಮೂರು ನಿಮಿಷ ಓಡಿಸಿ, ಇಂಜಿನ್ ಆರಿಸಿ ಇಳಿದರು. ಸದ್ದು ಪೂರ್ತಿ ನಿಂತ ಮೇಲೆಯೇ ಮಾವನವರು ಹೊಲದ ಕಡೆ ತಿರುಗಿದ್ದು. ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಇವರು ಟವೆಲ್ ಕಂಕುಳಲ್ಲಿಟ್ಟುಕೊಂಡು, ಕೈಕಟ್ಟಿ, ತೀರ್ಪಿಗೆ ಕಾಯುವವರ ಹಾಗೆ ನಿಂತಿದ್ದರು.

"ನಾಳೆ ಕೆಳಗಿನ ಹೊಲ ಉಳ್ಬೇಕಲ್ಲ, ನಾನು ಎಷ್ಟೊತ್ತಿಗೆ ಬಂದು ಬೆನ್ನು ಹಾಕ್ಕೊಂಡು ನಿಂತ್ಕೊಳ್ಳಲಿ?" ಅಂತ ಕೇಳಿದರು.

ಇವರು ಟವೆಲಿನಿಂದ ಮುಖ ಒರೆಸಿಕೊಳ್ಳತೊಡಗಿದರು. ಎಂಟು ಗಂಟೆಗೆ ಬನ್ನಿ ಮಾವ ಎಂದು ನಾನೇ ಹೇಳಿದೆ.