ಎರಡನೇ ಕಕ್ಕಸಿನ ಟ್ರಯಲ್

ಆ ಮನೆಯಲ್ಲಿ ಬೆಳಗಿನ ಹೊತ್ತು ಯಜಮಾನಿಕೆ ಯಾರದು ಎಂದು ಕೇಳಿದರೆ ಉತ್ತರ ಸುಲಭ: ಹಿತ್ತಲ ಕಕ್ಕಸಿನ ಚಿಲಕವನ್ನು ಒಳಗಿನಿಂದ ಹಾಕಿಕೊಂಡವರದು. ಹೊರಗೆ ನಿಂತವರೆಲ್ಲ ಬರೀ ಅರ್ಜಿದಾರರು. ಬೀದಿಗೆಲ್ಲ ಟೈಲರಕ್ಕ ಎಂದೇ ಗುರುತಾದ ಆ ಮನೆಯ ಸೊಸೆಗೆ ಈ ಸಾಲಿನಲ್ಲಿ ಯಾವಾಗಲೂ ಕೊನೆಯ ಜಾಗ. ಅವಳ ಮುಂದೆ ಗಂಡ. ಅವನು ಬಸ್ ಡ್ರೈವರು. ಊರಿನವರನ್ನೆಲ್ಲ ಹೊತ್ತಿಗೆ ಸರಿಯಾಗಿ ಅವರವರ ಜಾಗಕ್ಕೆ ಮುಟ್ಟಿಸುವ ಮನುಷ್ಯ, ತನ್ನ ಜಾಗಕ್ಕೆ ತಾನು ಮುಟ್ಟಲಾರದೆ ಹೆಗಲಿಗೆ ಟವಲು ಹಾಕಿಕೊಂಡು ಹಿತ್ತಲಲ್ಲಿ ಶತಪಥ ತಿರುಗುತ್ತಿದ್ದ. ಯಾಕೆಂದರೆ ಒಳಗೆ ಮಗಳಿರುತ್ತಿದ್ದಳು. ಕಾಲೇಜು ಓದುವ ಹುಡುಗಿ. ಫೋನು ಹಿಡಿದು ಒಳಹೊಕ್ಕಳೆಂದರೆ ಪದವಿ ಮುಗಿಸಿಕೊಂಡೇ ಹೊರಬರುವಳು.

ಈ ಸಾಲಿನಲ್ಲಿ ಎಂದೂ ನಿಲ್ಲದವರೆಂದರೆ ಅತ್ತೆಯೊಬ್ಬರೇ. ಎಲ್ಲರೂ ಏಳುವ ಮುಂಚೆ ಅವರದು ಮುಗಿದಿರುತ್ತದೆ ಎಂದು ಮನೆಯವರು ನಂಬಿದ್ದರು. ನಂಬಿಕೆ ಅನುಕೂಲಕ್ಕೆ ಒದಗುವಂತಿದ್ದರೆ ಯಾರು ತಾನೇ ಅದರ ಪೂರ್ವಾಪರ ವಿಚಾರಿಸಲು ಹೋಗುತ್ತಾರೆ?

ವಿಚಾರಿಸಿದ್ದು ಟೈಲರಕ್ಕ, ಅದೂ ಒಂದು ಚೊಂಬಿನ ದೆಸೆಯಿಂದ. ಸಂಜೆ ಅತ್ತೆಯ ಮಂಚದ ಪಕ್ಕ ಚೊಂಬು ತುಂಬ ನೀರಿಡುವುದು ಅವಳ ರೂಢಿ. ಬೆಳಿಗ್ಗೆ ತೆಗೆಯುವಾಗ ಚೊಂಬು ಇಟ್ಟಷ್ಟೇ ಭಾರವಾಗಿರುತ್ತಿತ್ತು. ಒಂದೆರಡು ದಿನವಾದರೆ ಸರಿ, ತಿಂಗಳಿಂದ ಹೀಗೇ ಆದಾಗ ಅವಳು ತಡೆಯಲಾರದೆ ಕೇಳಿಬಿಟ್ಟಳು. ಬಾಯಾರಿಕೆಯಿಲ್ಲ ಎಂದು ಮೊದಲು ಹಾರಿಸಿಬಿಟ್ಟ ಅತ್ತೆ, ಅವಳು ಜಾಗ ಬಿಟ್ಟು ಕದಲದ್ದು ನೋಡಿ ಗೊಣಗಿದರು.

"ಒಳಗೆ ಹೋದ ನೀರು ಹೊರಗೆ ಬರ್ಬೇಕಲ್ಲ. ಅದು ಬರ್ಬೇಕು ಅಂದ್ರೆ ನಾನೂ ಹೊರಗೆ ಹೋಗ್ಬೇಕಲ್ಲ."

ಹಿತ್ತಲಿಗೆ ಇಳಿಯುವ ಮೆಟ್ಟಿಲು, ಅಲ್ಲಿಂದಾಚೆ ಸದಾ ಒದ್ದೆಯಾಗಿರುವ ಚಪ್ಪಡಿ, ಮಾತು ಕೇಳದ ಮಂಡಿ. ಒಮ್ಮೆ ಅಲ್ಲಿ ಜಾರಿದ್ದನ್ನೂ, ಬಟ್ಟೆ ಒಗೆಯುವ ಕಲ್ಲು ಹಿಡಿದುಕೊಂಡು ಎದ್ದಿದ್ದನ್ನೂ ಅವರು ಯಾರಿಗೂ ಹೇಳಿರಲಿಲ್ಲ. ಆವತ್ತೇ ಟೈಲರಕ್ಕ ಗಂಡನ ಮುಂದೆ ಖಡಾಖಂಡಿತವಾಗಿ ಹೇಳಿದಳು: ಮನೆಯೊಳಗೇ ಇನ್ನೊಂದು ಕಕ್ಕಸು ಆಗಬೇಕು, ಎಲ್ಲಾದರೂ ಸರಿ.

'ಎಲ್ಲಾದರೂ ಸರಿ' ಎನ್ನುವುದು ಬಲು ಉದಾರವಾದ ಮಾತು. ಮೇಸ್ತ್ರಿ ಬರುವ ತನಕ ಹಾಗೇ ಇರುತ್ತದೆ.

ಮೇಸ್ತ್ರಿ ಬಂದು, ಗೋಡೆಗಳನ್ನು ಡಾಕ್ಟರು ಬೆನ್ನು ತಟ್ಟುವ ಹಾಗೆ ತಟ್ಟುತ್ತ ಒಂದು ಸುತ್ತು ಹಾಕಿದ. ಜಾಗ ಮೂರಿದ್ದವು. ತಾರಸಿಗೆ ಹೋಗುವ ಮೆಟ್ಟಿಲ ಕೆಳಗೆ, ಆದರೆ ತಲೆಗೆ ತೊಂದರೆ. ಅತ್ತೆಯ ಕೋಣೆಯ ಮೂಲೆ, ಆದರೆ ಅಲ್ಲಿರುವ ಎರಡಾಳಿನ ಮರದ ಮಂಚ ಹೊರಗೆ ಹೋಗಬೇಕು, ಪೈಪನ್ನೂ ಸುತ್ತಿ ತರಬೇಕು. ಮೂರನೆಯದರ ಎದುರು ಬಂದಾಗ ಅವನ ಮುಖ ಅರಳಿತು. ಗೋಡೆಯಾಚೆಗೇ ಚರಂಡಿಯ ಪೈಪು, ಗಾಳಿಗೆ ತಯಾರಾಗಿ ನಿಂತ ಕಿಟಕಿ, ಅತ್ತೆಯ ಬಾಗಿಲಿಂದ ಕೂಗಳತೆ. "ಅಕ್ಕಾ, ಇದು ಕಕ್ಕಸಾಗ್ಬೇಕು ಅಂತಲೇ ಹುಟ್ಟಿರೋ ರೂಮು" ಎಂದ.

ಅದು ಟೈಲರಕ್ಕನ ಹೊಲಿಗೆಯ ಕೋಣೆ.

ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಮಿಷನ್ನು ಅಡುಗೆಮನೆಯ ಬಾಗಿಲ ಹಿಂದಿತ್ತು. ಯಾರು ಬಾಗಿಲು ತೆಗೆದರೂ ಮೊಣಕೈಗೆ ಬಡಿಯುತ್ತಿತ್ತು. ನಾದಿನಿ ಮದುವೆಯಾಗಿ ಹೋಗಿ ಈ ಪುಟ್ಟ ಕೋಣೆ ಖಾಲಿಯಾದಾಗ, ಒಂದು ದಿನ ಅತ್ತೆ ಇದ್ದಕ್ಕಿದ್ದಂತೆ ಮಿಷನ್ನನ್ನು ಅಲ್ಲಿಗೆ ತಳ್ಳಿಸಿದ್ದರು. ಅಡುಗೆಮನೆಯಲ್ಲಿ ಅದು ಕಾಲಿಗೆ ಸಿಗುತ್ತದೆ, ನನಗೆ ರೇಜಿಗೆ ಎಂದು ಬೈದುಕೊಂಡೇ ತಳ್ಳಿಸಿದ್ದರು. ಅಂದಿನಿಂದ ಬೀದಿಯ ಕಡೆಯ ಆ ಕಿಟಕಿ ಅವಳ ಅಂಗಡಿಯೂ ಹೌದು, ಅಂಗಳವೂ ಹೌದು. ಬೆಳಕು ಎಡಗಡೆಯಿಂದ ಬಂದು ಸೂಜಿಯ ಮೇಲೇ ಬೀಳುತ್ತಿತ್ತು. ಕಪ್ಪು ದಾರ ಯಾವುದು, ಕಡುನೀಲಿ ಯಾವುದು ಎಂದು ಕಣ್ಣು ಕಿರಿದಾಗಿಸದೆ ಹೇಳಬಹುದಿತ್ತು. ಜನ ಕಿಟಕಿಯ ಸರಳು ಹಿಡಿದು ನಿಂತು ಮೊದಲು ಅಳತೆ ಕೊಡುತ್ತಿದ್ದರು, ಆಮೇಲೆ ಅಳತೆಯಿಲ್ಲದೆ ಮಾತಾಡುತ್ತಿದ್ದರು. ಇಡೀ ಮನೆಯಲ್ಲಿ ಅವಳದು ಅನ್ನಬಹುದಾದ ಜಾಗ ಅದೊಂದೇ.

"ಆಗ್ಲಿ ಬಿಡಿ, ಮಿಷನ್ನು ನಡುಮನೇಲಿಟ್ರಾಯ್ತು" ಎಂದಳು ಟೈಲರಕ್ಕ. ಗಂಡ ಸೂರು ನೋಡಿದ, ಮಗಳು ಫೋನು ನೋಡಿದಳು. ಅತ್ತೆ ಮಾತ್ರ ಅವಳನ್ನೇ ನೋಡಿದರು.

ಆದರೆ ಅವಳ ಕಸುಬಿಗೊಂದು ನೇಮವಿತ್ತು. ಟ್ರಯಲ್ ನೋಡದೆ ಅವಳು ಯಾವ ಬಟ್ಟೆಗೂ ಕೊನೆಯ ಹೊಲಿಗೆ ಹಾಕಿದವಳಲ್ಲ. ಬಟ್ಟೆ ಕೆಟ್ಟರೆ ಇನ್ನೊಂದು ತುಂಡು ತರಬಹುದು, ಗೋಡೆ ಕೆಟ್ಟರೆ? ಹಳೆಯ ಬೆಡ್‌ಶೀಟುಗಳನ್ನು ಸೇರಿಸಿ ಕಚ್ಚಾ ಹೊಲಿಗೆ ಹಾಕಿದಳು. ಮೇಸ್ತ್ರಿ ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಹಗ್ಗ ಕಟ್ಟಿ ಅವನ್ನು ಕ್ಲಿಪ್ಪು ಹಾಕಿ ಇಳಿಬಿಟ್ಟಳು. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಬಟ್ಟೆಯ ಕಕ್ಕಸು ಸಿದ್ಧವಾಯಿತು. ಮನೆಯವರೆಲ್ಲ ನಡೆದು ಹೋಗಿ, ಪರದೆ ಸರಿಸಿ, ಕೂತು, ಎದ್ದು, ಬಂದು ಅಭಿಪ್ರಾಯ ತಿಳಿಸಬೇಕು. ಮೇಸ್ತ್ರಿ ತನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದು ಕಂಡಿರಲಿಲ್ಲ. ನಾಳೆ ಬರುತ್ತೇನೆಂದು ಹೊರಟೇಬಿಟ್ಟ.

ಮೆಟ್ಟಿಲ ಕೆಳಗಿನದಕ್ಕೆ ಗಂಡನದು ಮೊದಲ ಸರದಿ. ಕೂತು, ಸ್ಟೇರಿಂಗೊಂದು ಇಲ್ಲ ಅನ್ನುವುದು ಬಿಟ್ಟರೆ ತನ್ನ ಸೀಟಿನ ಹಾಗೇ ಇದೆ ಎಂದು ಒಳಗಿಂದಲೇ ಮೆಚ್ಚಿದ. ಆಮೇಲೆ ಎದ್ದ. ಧಡ್ ಎಂದು ಸದ್ದಾಯಿತು. ಅಲ್ಲಿಗೆ ಆ ರೂಟು ರದ್ದಾಯಿತು.

ಮಾರನೆಯ ದಿನ ಬೆಡ್‌ಶೀಟುಗಳು ಹೊಲಿಗೆಯ ಕೋಣೆಗೆ ಬಂದವು. ಮಿಷನ್ನು ನಡುಮನೆಗೆ ಹೋಯಿತು. ಅಲ್ಲಿ ಕೂತು ಅವಳು ಬೀದಿಯ ನರ್ಸೊಬ್ಬಳ ಯೂನಿಫಾರ್ಮ್ ಪ್ಯಾಂಟಿನ ಅಂಚು ಮಡಿಚಿ ಹೊಲಿದು ಮುಗಿಸಿದಳು. ಏನೂ ವ್ಯತ್ಯಾಸವಿಲ್ಲ, ಕೈಗೆ ಅಭ್ಯಾಸವಾದರೆ ಎಲ್ಲಿ ಕೂತರೇನು ಎಂದು ತನಗೆ ತಾನೇ ಹೇಳಿಕೊಂಡಳು. ಮಧ್ಯಾಹ್ನ ಅತ್ತೆ ಟ್ರಯಲ್‌ಗೆಂದು ಒಳಗೆ ಹೋಗಿ ಕೂತರು.

ಅದೇ ಹೊತ್ತಿಗೆ ಡ್ಯೂಟಿ ಮುಗಿಸಿಕೊಂಡ ನರ್ಸು ಎಂದಿನಂತೆ ಕಿಟಕಿಯಲ್ಲಿ ಇಣುಕಿದಳು. ಮಿಷನ್ನಿಲ್ಲ, ಪರದೆ ಇದೆ. ಕೊನೆಗೂ ಟೈಲರಕ್ಕ ಟ್ರಯಲ್ ರೂಮು ಮಾಡಿಸಿದ್ದಾಳೆ ಎಂದು ಅವಳಿಗೆ ಖುಷಿಯೋ ಖುಷಿ. ಸರಸರ ಒಳಬಂದು ಮಿಷನ್ನಿನ ಮೇಲಿದ್ದ ತನ್ನ ಪ್ಯಾಂಟೆತ್ತಿಕೊಂಡು, ಟೈಲರಕ್ಕ ಬಾಯಿ ತೆರೆಯುವಷ್ಟರಲ್ಲಿ ಪರದೆ ಸರಿಸಿಯೇಬಿಟ್ಟಳು. ಅತ್ತೆ ಎರಡೂ ಕೈ ತೊಡೆಯ ಮೇಲಿಟ್ಟು, ಫೋಟೋಗೆ ಕೂತವರ ಗಾಂಭೀರ್ಯದಲ್ಲಿ ಕೂತಿದ್ದರು.

"ಒಳಗೆ ಜನ ಇದಾರಮ್ಮ."

"ಅಯ್ಯೋ, ಟ್ರಯಲ್ ರೂಮು ಅಂದ್ಕೊಂಡೆ ಅಮ್ಮಾ."

"ಟ್ರಯಲ್ಲೇ. ನಂದಿನ್ನೂ ಮುಗಿದಿಲ್ಲ."

ಪರದೆ ಮುಚ್ಚಿತು. ಟೈಲರಕ್ಕ ಕಕ್ಕಸಿನ ಕಥೆಯನ್ನು ನರ್ಸಿನ ಕಿವಿಯಲ್ಲಿ ಹೇಳಿದಳು. ಹೆಂಗಸರಿಬ್ಬರೂ ಕಿಟಕಿಯ ಹತ್ತಿರ ಬಂದು, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಇಳಿದ ಮೇಲೆ ನರ್ಸು ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿ ಅಂಚಿನ ಹೊಲಿಗೆಯ ಮೇಲೆ ಬೆರಳಿಟ್ಟಳು. ಕಡುನೀಲಿ ಬಟ್ಟೆಗೆ ಕಪ್ಪು ದಾರ. ಟೈಲರಕ್ಕ ಅದನ್ನು ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡಳು. ಸಂಜೆಯೊಳಗೆ ಬಿಚ್ಚಿ ಹೊಲಿದು ಕೊಡುತ್ತೇನೆಂದಳು. ದಾರದ ವಿಷಯ ಹಾಗಿರಲಿ, ಈ ಕಿಟಕಿಯೇ ಹೋದರೆ ನಾವೆಲ್ಲ ಎಲ್ಲಿ ನಿಂತು ಮಾತಾಡುವುದು ಎಂದು ನರ್ಸು ಕೇಳಿದಳು.

"ಬೀದಿ ತುಂಬ ಕಿಟಕಿ ಇದಾವೆ. ನಮ್ಮತ್ತೆ ಮಂಡಿ ಎರಡೇ ಇರೋದು" ಎಂದಳು ಟೈಲರಕ್ಕ, ದನಿ ತಗ್ಗಿಸಿ.

ತಗ್ಗಿಸಿದ್ದೇನೋ ನಿಜ. ಆದರೆ ಬೆಡ್‌ಶೀಟಿನ ಗೋಡೆಗೆ ಕಿವಿಯಷ್ಟೇ ಅಲ್ಲ, ಮೈಯೆಲ್ಲ ತೂತು.

ನರ್ಸು ಹೋದ ಮೇಲೂ ಅತ್ತೆ ಹೊರಗೆ ಬರಲಿಲ್ಲ. ಅಜ್ಜೀ, ನೀವೂ ಫೋನು ತಗೊಂಡು ಹೋಗಿದ್ದೀರಾ ಎಂದು ಮೊಮ್ಮಗಳು ಕೂಗಿದಳು. ಕೊನೆಗೆ ಪರದೆಯಾಚೆಯಿಂದ ನರಳಾಟ, ಕುರ್ಚಿಯ ಕಿರುಗುಟ್ಟುವಿಕೆ, ಮತ್ತೆ ನರಳಾಟ. "ಈ ಜಾಗ ನನಗಾಗಲ್ಲ ಕಣೇ, ಎದ್ದೇಳಕ್ಕೇ ಬರಲ್ಲ ಇಲ್ಲಿ" ಎನ್ನುತ್ತ, ಮೊಮ್ಮಗಳ ಕೈ ಹಿಡಿದು ದೊಡ್ಡ ಬೆಟ್ಟ ಇಳಿದವರ ಹಾಗೆ ಹೊರಬಂದರು. ತಮ್ಮ ಕೋಣೆಯಲ್ಲೇ ಒಮ್ಮೆ ನೋಡಿಬಿಡೋಣ ಎಂದರು.

ಮಂಚವನ್ನು ಗೋಡೆಗೆ ಒರಗಿಸಿ ಅಲ್ಲೂ ಪರದೆ ಕಟ್ಟಿದ್ದಾಯಿತು. ಅದೇ ಬೆಡ್‌ಶೀಟು, ಅದೇ ಅಳತೆ, ಅದೇ ಕುರ್ಚಿ. ಅತ್ತೆ ಕೂತರು, ಎದ್ದರು. ಮತ್ತೆ ಕೂತು ಮತ್ತೆ ಎದ್ದರು. ಒಂದು ನರಳಿಕೆಯಿಲ್ಲ.

ಡ್ಯೂಟಿಯಿಂದ ಬಂದ ಮಗ, ಅದು ಅಪ್ಪನ ಕಾಲದ ಮಂಚವಲ್ಲವೇ ಅಮ್ಮಾ ಎಂದು ರಾಗ ಎಳೆದ. ಅದರಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿ ಉರುಳಿ ಸಾಕಾಗಿದೆ, ಒಂಟಿ ಜೀವಕ್ಕೆ ಒಂಟಿ ಮಂಚ ಸಾಕು ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಹಾಗೆ ಹೇಳುವಾಗ ಅವರ ಕೈ ಮಂಚದ ಕಾಲನ್ನು ಸವರುತ್ತಿದ್ದುದನ್ನು ನೋಡಿದ್ದು ಟೈಲರಕ್ಕ ಒಬ್ಬಳೇ.

ಅಳತೆಯ ಟೇಪು ಸೊಂಟಕ್ಕೆ ಬಂದ ತಕ್ಷಣ ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ಅವಳು ಎಷ್ಟು ಕಂಡಿಲ್ಲ! ಸುಳ್ಳು ಅಳತೆ ಕಣ್ಣಿಗೆ ಬೀಳದಿದ್ದರೆ ಟೈಲರ್ ಎಂಥ ಟೈಲರು? ಆದರೆ ಅವರೆಲ್ಲ ತಾವು ಚಂದ ಕಾಣಲಿ ಎಂದು ಉಸಿರು ಹಿಡಿದವರು. ಇನ್ನೊಬ್ಬರಿಗೆ ಜಾಗವಾಗಲಿ ಎಂದು ಹಿಡಿದವರನ್ನು ಅವಳು ನೋಡುತ್ತಿದ್ದುದು ಇದೇ ಮೊದಲು. ಮೊದಲಲ್ಲ, ಎರಡನೆಯ ಸಲ. ಅಡುಗೆಮನೆಯಿಂದ ಮಿಷನ್ನು ತಳ್ಳಿಸಿದ ದಿನದ ಬೈಗುಳ ಈಗ ಅವಳಿಗೆ ಬೇರೆಯೇ ಥರ ಕೇಳಿಸಿತು.

ಬೆಡ್‌ಶೀಟು ಬಿಚ್ಚುವಾಗ ಇಬ್ಬರೇ ಇದ್ದರು.

"ಅತ್ತೆ, ಉಸಿರು ಬಿಗಿ ಹಿಡ್ಕೊಂಡು ಅಳತೆ ಕೊಡ್ಬಾರ್ದು."

ಅತ್ತೆ ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. "ಅಳತೆ ಕೊಡೋದು ನನ್ನ ಕೆಲಸ. ಹೊಲಿಯೋದು ನಿನ್ನ ಕೆಲಸ. ಹೋಗು, ಆ ನರ್ಸಮ್ಮಂಗೆ ನೀಲಿ ದಾರ ಹಾಕು."

ಅತ್ತೆಯ ಉಪಕಾರವನ್ನು ನೇರವಾಗಿ ಸ್ಮರಿಸಲು ಹೋದರೆ ಅದರಲ್ಲೂ ಒಂದು ಕೊಂಕು ಹುಡುಕುತ್ತಾರೆಂದು ಗೊತ್ತಿದ್ದರಿಂದ ಟೈಲರಕ್ಕ ಬೆಡ್‌ಶೀಟು ಮಡಿಚಿದಳು. ಅಂಚಿಗೆ ಅಂಚು ಕೂಡಿಸಿ, ಸುಕ್ಕು ನೀವಿ, ಬೇಕಾದ್ದಕ್ಕಿಂತ ಬಹಳ ನಿಧಾನವಾಗಿ.

ಪೈಪು ಉದ್ದವಾಯಿತೆಂದು ಮೇಸ್ತ್ರಿ ಕೆಲಸ ಮುಗಿಯುವ ತನಕ ಮುಖ ಊದಿಸಿಕೊಂಡಿದ್ದ. ಆದರೂ ಹಿಡಿದುಕೊಳ್ಳಲು ಸರಳನ್ನು ಅತ್ತೆಯ ಕೈ ಎಟುಕುವ ಎತ್ತರಕ್ಕೇ ಹಾಕಿಕೊಟ್ಟ. ಆ ಎತ್ತರವನ್ನು ಟೇಪು ಹಿಡಿದು ಅಳೆದವಳು ಸೊಸೆ. ಅಳೆಯುವಾಗ, ಉಸಿರು ಬಿಡಿ ಅತ್ತೆ ಎಂದಳು; ಅತ್ತೆ ಬಿಟ್ಟರು. ದೊಡ್ಡ ಮಂಚದ ಹಲಗೆಗಳು ಹೊಲಿಗೆಯ ಕೋಣೆ ಸೇರಿ, ಕಿಟಕಿಯ ಕೆಳಗೆ ಬಟ್ಟೆ ಕತ್ತರಿಸುವ ಮೇಜಾದವು. ಈಗೀಗ ಮಧ್ಯಾಹ್ನ ಅತ್ತೆ ಅದರ ತುದಿಯಲ್ಲಿ ಕೂತು ಕಾಜಾ ಬಟನ್ನು ನೋಡಿಕೊಳ್ಳುತ್ತಾರೆ, ಕಿಟಕಿಗೆ ಬಂದವರ ಸುದ್ದಿಯನ್ನೂ ನೋಡಿಕೊಳ್ಳುತ್ತಾರೆ. ಹಿತ್ತಲ ಸಾಲು ಮಾತ್ರ ಹಾಗೇ ಇದೆ. ಮಗಳ ಪದವಿ ಇನ್ನೂ ಮುಗಿದಿಲ್ಲ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಟೈಲರಕ್ಕ ಅತ್ತೆಯ ಒಂಟಿ ಮಂಚದ ಪಕ್ಕದ ಚೊಂಬನ್ನೆತ್ತಿದಾಗ ಕೈ ಹಗುರವಾಗಿ ಮೇಲೆ ಬಂತು. ಬಗ್ಗಿಸಿ ನೋಡಿದಳು, ತಳದಲ್ಲಿ ಒಂದು ಹನಿಯೂ ಇಲ್ಲ. ಅದನ್ನು ಎದೆಗವಚಿಕೊಂಡು ಹಾಗೇ ನಿಂತಿದ್ದವಳಿಗೆ ಹೊಸ ಬಾಗಿಲ ಹಿಂದಿನಿಂದ ಅತ್ತೆಯ ಆಕ್ಷೇಪಣೆ ಕೇಳಿಸಿತು.

"ಅಲ್ಲಾ, ಮನೇಲಿ ಇದಕ್ಕಿಂತ ದೊಡ್ಡ ಚೊಂಬು ಇಲ್ವೇನೇ?"

ಇದೆ ಅತ್ತೆ, ಎಂದು ಅವಳು ಅಡುಗೆಮನೆಗೆ ಓಡಿದಳು.